ಸೂಜಿ ಮಾಡದ ಡಾಕ್ಟರಮ್ಮ

ತಂಗಿಯ ಮಗಳು ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಟ್ಟಿ ಕಳಿಸಿದಳು. ರಾಯಚೂರಿನ ರಿಮ್ಸ್‌ನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದ ಹುಡುಗಿ, ಇನ್ನೊಂದು ವರ್ಷ ಸರ್ಕಾರಿ ಸೇವೆಗೆ ಹಳ್ಳಿಗೆ ಹೋಗಬೇಕು. ಡಾಕ್ಟರಿಲ್ಲದೆ ಖಾಲಿ ಬಿದ್ದಿರುವ ಆರೋಗ್ಯ ಕೇಂದ್ರಗಳ ಹೆಸರುಗಳು, ಕೊನೆಗೆ ಅವಳದೊಂದು ಪ್ರಶ್ನೆ: “ಮಾಮಾ, ಇದರಾಗ ಯಾವ ಊರು ಚೊಲೊ? ಬಾಡಿಗಿ ಮನಿ ಸಿಗ್ತಾವೇನು?”

ಗಬ್ಬೂರು, ಮಸರಕಲ್, ಗಲಗ, ಜಾಲಹಳ್ಳಿ. ಎಲ್ಲ ನಮ್ಮ ದೇವದುರ್ಗ ತಾಲ್ಲೂಕಿನವು. ಕೇಳಿದ್ದಕ್ಕೆ ಉತ್ತರ ಕೊಡುವುದು ಬಿಟ್ಟು ಹೆಸರುಗಳನ್ನೇ ಓದುತ್ತ ಕೂತೆ. ಗಬ್ಬೂರಿನಲ್ಲಿ ಸೋದರತ್ತೆಯ ಬಾಣಂತನ ಕೆಟ್ಟದ್ದು, ಗಲಗದ ದಾರಿಯಲ್ಲಿ ಗಾಡಿಯ ಅಚ್ಚು ಮುರಿದು ಜ್ವರದ ಕೂಸನ್ನು ಅಪ್ಪ ಹೆಗಲಿಗೆ ಹಾಕಿಕೊಂಡು ನಡೆದದ್ದು, ಜಾಲಹಳ್ಳಿಯ ಜಾತ್ರೆಯಿಂದ ಬಂದವರೆಲ್ಲ ಸಾಲಾಗಿ ವಾಂತಿ-ಭೇದಿ ಹಿಡಿದು ಮಲಗಿದ್ದು. ಯಾವ ಊರು ಚೊಲೊ ಎಂದು ಆ ತಾಲ್ಲೂಕಿನಲ್ಲಿ ಹುಟ್ಟಿದವನನ್ನು ಕೇಳಿದರೆ ಮೊದಲು ನೆನಪಾಗುವುದು ಅಲ್ಲಿನ ಜಡ್ಡುಗಳು.

ನಮ್ಮ ಊರಿನಿಂದ ದೇವದುರ್ಗ ಪೇಟೆಗೆ ಎತ್ತಿನ ಗಾಡಿಯಲ್ಲಿ ಹೊತ್ತು ಮೂಡುವ ಮುಂಚೆ ಹೊರಟರೆ ಬಿಸಿಲೇರುವಾಗ ಮುಟ್ಟುತ್ತಿದ್ದೆವು. ಒಂದು ಬಸ್ಸಿತ್ತು, ಮಳೆ ಬಿದ್ದರೆ ಅದೂ ಇಲ್ಲ. ಎರೆಮಣ್ಣಿನ ಸೀಮೆ, ಹಳ್ಳ ತುಂಬಿದರೆ ಊರು ನಡುಗಡ್ಡೆ. ಎಪ್ಪತ್ತರ ದಶಕದ ಮಾತಿದು. ಪೇಟೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರಿದ್ದರು. ನಿಜಾಮರ ಕಾಲಕ್ಕೆ ಹೈದರಾಬಾದಿಗೆ ಹೋಗಿ ಓದಿ ಬಂದವರು. ಉಸ್ಮಾನಿಯಾದಲ್ಲಿ ಆಗ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. 1948ರಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನ ಮುಗಿದಾಗ ಅವರ ಬಂಧುಗಳು ಹಲವರು ಊರು ಬಿಟ್ಟರಂತೆ, ಇವರು ಬಿಡಲಿಲ್ಲ. “ಇಷ್ಟ್ ಮಂದಿ ನಾಡಿ ನನ್ನ ಕೈಯಾಗ ಅದ, ಹ್ಯಾಂಗ ಹೋಗ್ಲಿ” ಎಂದಿದ್ದರೆಂದು ನಮ್ಮ ಮುತ್ಯಾ ಹೇಳುತ್ತಿದ್ದ. ನಿಜವಾಗಿಯೂ ಅಂದಿದ್ದರೋ, ಮುತ್ಯಾನೇ ಕಟ್ಟಿದ ಮಾತೋ.

ಅವರ ದವಾಖಾನೆ ಎಂದರೆ ಒಂದು ಪಡಸಾಲೆ, ಒಂದು ಉದ್ದನೆಯ ಬೆಂಚು, ಗಾಜಿನ ಬೀರು, ಒಳಗೊಂದು ಕಿಟಕಿ. ಕಿಟಕಿಯ ಆಚೆ ಕಂಪೌಂಡರ್. ಬಾಟ್ಲಿ ಮನೆಯಿಂದ ನಾವೇ ಒಯ್ಯಬೇಕು. ಕಂಪೌಂಡರ್ ಅದಕ್ಕೆ ಗುಲಾಬಿ ಬಣ್ಣದ, ಓಂಕಾಳಿನ ವಾಸನೆಯ ಮಿಕ್ಸ್ಚರ್ ಸುರಿದು, ಬಿಳಿ ಹಾಳೆಯ ಒಂದು ಪಟ್ಟಿ ಹರಿದು, ಉದ್ದಕ್ಕೆ ಮಡಚಿ, ಅಂಚಿಗೆ ಕತ್ತರಿಯಿಂದ ಕಚಕಚ ಕೊಯ್ದು ಬಿಚ್ಚುತ್ತಿದ್ದ. ಎರಡೂ ಬದಿಗೆ ಹಲ್ಲು ಹಲ್ಲು. ಅದನ್ನು ಗೋಂದು ಹಚ್ಚಿ ಬಾಟ್ಲಿಯ ಮೈಗೆ ಅಂಟಿಸಿದರೆ ಒಂದು ಹಲ್ಲಿಗೆ ಒಂದು ಡೋಸು. ಓದು ಬಾರದ ನಮ್ಮ ಅಮ್ಮಾಯಿ ಕಂದೀಲಿನ ಬೆಳಕಿಗೆ ಬಾಟ್ಲಿ ಹಿಡಿದು, ಹಲ್ಲಿನ ಮೇಲೆ ಹೆಬ್ಬೆರಳಿಟ್ಟು ಅಳೆದು ಕೊಡುತ್ತಿದ್ದಳು. ಒಂದು ಹನಿ ಹೆಚ್ಚು-ಕಡಿಮೆ ಆಗುತ್ತಿರಲಿಲ್ಲ.

ಡಾಕ್ಟರ ಹತ್ತಿರ ಯಾರ ಫೈಲೂ ಇರಲಿಲ್ಲ. ಮುತ್ಯಾನ ದಮ್ಮು, ಅಪ್ಪನ ಹೊಟ್ಟೆನೋವು, ನನ್ನ ಸೋರುವ ಕಿವಿ ಎಲ್ಲ ಅವರ ತಲೆಯಲ್ಲೇ. ನನ್ನ ಕಿವಿಗೆ ಹತ್ತಿ ಸುತ್ತಿದ ಕಡ್ಡಿ ಹಾಕುತ್ತ, “ನಿಮ್ಮ ಮುತ್ಯಾ ಬೀಡಿ ಬಿಟ್ಟಾನೇನು?” ಎಂದು ಅಪ್ಪನನ್ನು ಕೇಳುವರು. ಅಪ್ಪ ಹೂಂ ಅಂದರೆ, “ಸುಳ್ ಹೇಳ್ತಿ. ನಿನ್ನ ಅಂಗಿಗೇ ವಾಸನಿ ಅದ” ಎನ್ನುವರು. ರೊಕ್ಕ ಸುಗ್ಗಿಗೆ. ರೊಕ್ಕವೆಂದರೆ ಜೋಳ, ತೊಗರಿ, ಒಂದೊಂದು ಸಲ ಶೇಂಗಾ.

ಅವರು ‘ನನ್ನಲ್ಲಿ ಔಷಧ ಇಲ್ಲ’ ಎಂದು ಹೇಳಬಲ್ಲವರಾಗಿದ್ದರು. ಆ ಮಾತನ್ನು ನಾನು ಆಮೇಲೆ ಬಹಳ ಕಡಿಮೆ ಡಾಕ್ಟರುಗಳ ಬಾಯಲ್ಲಿ ಕೇಳಿದ್ದೇನೆ. ನಮ್ಮ ಸೀಮೆಗೆ ಆಗ ನಾರುಹುಣ್ಣಿನ ಕಾಟ. ಮೆಟ್ಟಿಲು ಬಾವಿಗೆ ಇಳಿದು ಕಾಲು ನೆನೆಸಿ ಕೊಡ ತುಂಬುವ ಊರುಗಳಲ್ಲೆಲ್ಲ ಅದಿತ್ತು. ಇವತ್ತು ಕುಡಿದ ನೀರಿನ ಹುಳ ಒಂದು ವರ್ಷದ ಮೇಲೆ ಕಾಲಿನಲ್ಲಿ ಬೊಕ್ಕೆಯೊಡೆದು ತಲೆ ಹಾಕುತ್ತದೆ, ಅದೂ ಬಾವಿ ತಳ ಕಾಣುವ ಬೇಸಿಗೆಯಲ್ಲಿ, ಹೊಲ ಹಸನು ಮಾಡುವ ಹೊತ್ತಿಗೆ ಸರಿಯಾಗಿ. ನನ್ನ ಬಲಗಾಲಿನ ಹರಡಿನ ಮೇಲೆ ಅದರ ಗುರುತು ಇನ್ನೂ ಇದೆ. ಊರಿನ ಒಬ್ಬ ಮುದುಕ ಜೋಳದ ದಂಟಿನ ಸಿಬಿರಿಗೆ ಹುಳದ ತುದಿ ಸುತ್ತಿ, ದಿನಾ ಒಂದೆರಡು ಬೆರಳು ಎಳೆಯುತ್ತಿದ್ದ. ಅವಸರ ಮಾಡಿದರೆ ಹರಿದು ಒಳಗೇ ಉಳಿದು ಕಾಲು ಕೀವಾಗುತ್ತಿತ್ತು. ದೇವದುರ್ಗದ ಡಾಕ್ಟರು ನೋಡಿ, “ಆ ಮುದುಕ ನನಗಿಂತ ಶಾಣ್ಯಾ ಇದ್ದಾನ, ಅವನ ಕಡಿಂದಲೇ ತೆಗಸ್ರಿ. ನೀರು ಮಾತ್ರ ಧೋತರದಾಗ ಸೋಸಿ ಕುಡೀರಿ” ಎಂದು ಕಳಿಸಿದರು. ಬಾಟ್ಲಿ ಕೊಡಲಿಲ್ಲವೆಂದು ಅಪ್ಪನಿಗೆ ಸಿಟ್ಟು. ಎಂಬತ್ತರ ದಶಕದಲ್ಲಿ ಸರ್ಕಾರದ ಕಾರ್ಯಕ್ರಮ ಬಂತು: ಸೋಸುವ ಬಟ್ಟೆ ಹಂಚಿದರು, ಬಾವಿಗೆ ಔಷಧ ಹಾಕಿದರು, ಬೋರು ಹೊಡೆಸಿದರು. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಮುದಿ ಡಾಕ್ಟರು ಹೇಳಿದ್ದೂ ನೀರು ಸೋಸುವುದನ್ನೇ. ಹುಳ ಹೋದ ಮೇಲೆ ಅದೇ ಬೋರಿನ ನೀರಿನಲ್ಲಿ ಫ್ಲೋರೈಡ್ ಬಂದು ಹಲ್ಲು ಕಂದಿ, ನಡು ಬಾಗಿದ್ದು ಬೇರೆ ಕತೆ.

ಇಷ್ಟು ಹೇಳಿ ನಿಲ್ಲಿಸಿದರೆ ಆ ಡಾಕ್ಟರು ದೇವರಾಗುತ್ತಾರೆ. ನಮ್ಮ ತಲೆಮಾರಿನವರು ಅವರನ್ನು ಹಾಗೇ ಮಾಡಿಯೂ ಇಟ್ಟಿದ್ದಾರೆ. ಆದರೆ ಆ ಉದ್ದನೆಯ ಬೆಂಚಿನ ಮೇಲೆ ಯಾರು ಕೂರುತ್ತಿದ್ದರು? ಕೇರಿಯ ಮಂದಿ ಹೊರಗೆ ಬೇವಿನ ಮರದ ಕೆಳಗೆ ಕೂತಿರುತ್ತಿದ್ದರು. ಡಾಕ್ಟರು ಎದ್ದು ಅಲ್ಲಿಗೇ ಹೋಗುವರು, ನಾಡಿ ಹಿಡಿಯುವರು, ಮುಟ್ಟಲು ಅವರಿಗೆ ಅಳುಕಿರಲಿಲ್ಲ. ಬೆಂಚಿನ ಮೇಲೆ ಬಂದು ಕೂರ್ರಿ ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ಬೆಂಚಿನ ಮೇಲಿದ್ದ ನಮ್ಮಂಥವರು ಏಳುತ್ತಿದ್ದೆವು. ಅದು ಅವರಿಗೂ ಗೊತ್ತಿತ್ತು. ಕಂಪೌಂಡರ್ ಅವರ ಬಾಟ್ಲಿಯನ್ನು ಮೆಟ್ಟಿಲ ಮೇಲಿಡುತ್ತಿದ್ದ.

ಇನ್ನು ಹೆಣ್ಣುಮಕ್ಕಳು. ಅವ್ವ ಆ ದವಾಖಾನೆಗೆ ಬಂದದ್ದು ನನ್ನ ಜೊತೆ, ಇಲ್ಲವೇ ತಂಗಿಯ ಜೊತೆ. ತನಗೆಂದು ಬಂದದ್ದು ಅಪರೂಪ, ಬಂದಾಗಲೂ ಮಾತಾಡಿದವನು ಅಪ್ಪ. “ನಿತ್ರಾಣ ಅಂತಾಳ್ರಿ, ತಲಿ ತಿರುಗತದಂತ.” ಡಾಕ್ಟರು ಸೆರಗಿನಾಚೆಯಿಂದ ಕೈ ಚಾಚಿಸಿ ನಾಡಿ ನೋಡಿ ಟಾನಿಕ್ ಕೊಡುವರು. ತಿಂಗಳಿಗೆ ಎಷ್ಟು ದಿನ ರಕ್ತ ಹೋಗುತ್ತದೆಂದು ಅವರು ಕೇಳುವಂತಿರಲಿಲ್ಲ, ಅಪ್ಪ ಹೇಳುವಂತಿರಲಿಲ್ಲ, ಅವ್ವ ಬಾಯಿ ಬಿಡುವಂತಿರಲಿಲ್ಲ. ನಮ್ಮ ಮನೆಯ ಮೂರು ತಲೆಮಾರು ಬಲ್ಲ ಡಾಕ್ಟರಿಗೆ ನಮ್ಮ ಅವ್ವನ ಜಡ್ಡು ಗೊತ್ತೇ ಇರಲಿಲ್ಲ.

ಪೇಟೆಯ ಡಾಕ್ಟರು ಹಗಲಿನವರು. ರಾತ್ರಿಗೆ ನಮಗಿದ್ದವನು ಬೇರೆ. ಎಲ್ಲರೂ ಆರ್‌ಎಂಪಿ, ಅಂದರೆ ರಿಜಿಸ್ಟರ್ಡ್ ಮೆಡಿಕಲ್ ಪ್ರಾಕ್ಟೀಷನರ್, ಅನ್ನುತ್ತಿದ್ದರು. ಯಾವ ರಿಜಿಸ್ಟರಿನಲ್ಲೂ ಅವನ ಹೆಸರಿರಲಿಲ್ಲ. ರಾಯಚೂರಿನ ಯಾವುದೋ ಆಸ್ಪತ್ರೆಯಲ್ಲಿ ಕೆಲ ವರ್ಷ ಕಂಪೌಂಡರನಾಗಿ ದುಡಿದು, ಸೈಕಲ್ಲು ಮತ್ತು ಚರ್ಮದ ಚೀಲದ ಸಮೇತ ನಮ್ಮ ಸೀಮೆಗೆ ಬಂದಿದ್ದ. ಸ್ಟೀಲಿನ ಡಬ್ಬಿಯಲ್ಲಿ ಗಾಜಿನ ಸಿರಿಂಜು. ಮನೆಯ ಒಲೆಯ ಮೇಲೇ ನೀರು ಕುದಿಸಿ, ಚಿಮಟಿಗೆಯಿಂದ ಎತ್ತಿ, ಬೆಳಕಿಗೆ ಹಿಡಿದು ಗಾಳಿ ಹೊಡೆಯುವನು. ಮುಂದಿನ ಮನೆಗೆ ಹೋಗುವ ಅವಸರವಿದ್ದರೆ ಕುದಿಸುವುದು ಬರೀ ಬಿಸಿ ಮಾಡುವುದಾಗುತ್ತಿತ್ತು. ಜ್ವರಕ್ಕೆ ಸೂಜಿ, ನೆಗಡಿಗೆ ಸೂಜಿ, ಮೈಕೈ ನೋವಿಗೆ ಸೂಜಿ. ಸೂಜಿ ಮಾಡದಿದ್ದರೆ ಜನ ರೊಕ್ಕ ಕೊಡುತ್ತಿರಲಿಲ್ಲ. ಕೆಂಪನೆಯ ಬಿ-ಕಾಂಪ್ಲೆಕ್ಸ್ ಸೂಜಿ ಮಾಡಿಸಿಕೊಂಡ ಮರುದಿನ ಮೂತ್ರ ಹಳದಿಯಾದರೆ, ಒಳಗಿನ ಉಷ್ಣವೆಲ್ಲ ಹೊರಗೆ ಬಿತ್ತು ಎಂದು ಸಮಾಧಾನ.

ಆದರೆ ಕರೆದರೆ ಬರುತ್ತಿದ್ದ. ಮಳೆಯಲ್ಲಿ ಬರುತ್ತಿದ್ದ, ಹಳ್ಳ ದಾಟಿ ಬರುತ್ತಿದ್ದ, ಕೇರಿಗೂ ಹೋಗುತ್ತಿದ್ದ, ಅವರ ಹೊರಸಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಊರಿಗೆ ವಾಂತಿ-ಭೇದಿ ಬಂದ ವರ್ಷ ನಮ್ಮ ತಂಗಿಯ ಕಣ್ಣು ಗುಳಿ ಬಿದ್ದು, ಚರ್ಮ ಎಳೆದರೆ ಎಳೆದಂತೆಯೇ ನಿಲ್ಲುತ್ತಿತ್ತು. ಅವನು ಪಡಸಾಲೆಯ ತೊಲೆಗೆ ಸಲೈನ್ ಬಾಟ್ಲಿ ತೂಗುಹಾಕಿ, ಬೆಳಗಿನ ಜಾವದವರೆಗೆ ನರ ಹುಡುಕುತ್ತ, ಹನಿ ಎಣಿಸುತ್ತ ಕೂತಿದ್ದ. ಈಗ ಪಟ್ಟಿ ಕಳಿಸಿದ ಹುಡುಗಿ ಆ ತಂಗಿಯ ಮಗಳು. ಹಾಗಾಗಿ ಅವನ ಬಗ್ಗೆ ಬರೆಯುವಾಗ ನನ್ನ ಕೈ ತಡೆಯುತ್ತದೆ.

ತಡೆದರೂ ಬರೆಯಬೇಕು. ನಮ್ಮ ಓಣಿಯಲ್ಲಿ ನನ್ನ ಓರಗೆಯ ಒಬ್ಬ ಹುಡುಗನಿದ್ದ. ಜ್ವರ ಬಂತು, ಕುಂಡೆಗೆ ಸೂಜಿ ಬಿತ್ತು, ಎರಡು ದಿನಕ್ಕೆ ಆ ಕಾಲು ಜೋತುಬಿತ್ತು. ‘ಸೂಜಿ ನರಕ್ಕ ತಾಕ್ಯಾದ’ ಎಂದರು ಕೆಲವರು, ‘ದೇವರ ಕಾಟ’ ಎಂದರು ಉಳಿದವರು. ಅದು ಪೋಲಿಯೊ. ಪೋಲಿಯೊದ ವೈರಾಣು ಮೈಯಲ್ಲಿದ್ದಾಗ ಸ್ನಾಯುವಿಗೆ ಸೂಜಿ ಚುಚ್ಚಿದರೆ ಆ ಕಾಲಿಗೇ ಲಕ್ವ ಬಡಿಯುವ ಸಂಭವ ಹೆಚ್ಚೆಂಬುದು ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿದ್ದ ಸಂಗತಿ. ಜ್ವರವೆಂದು ಸುಮ್ಮನೆ ಮಲಗಿಸಿದ್ದರೆ ಆ ಹುಡುಗ ನಡೆಯುತ್ತಿದ್ದನೋ ಏನೋ. ಆರ್‌ಎಂಪಿಗೆ ಇದು ತಿಳಿದಿರಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. ಆ ಹುಡುಗನ ಮನೆಯವರು ಮುಂದೆಯೂ ಅವನನ್ನೇ ಕರೆದರು. ಮತ್ಯಾರನ್ನು ಕರೆಯಬೇಕಿತ್ತು?

ಅಮ್ಮಾಯಿಯದು ಇನ್ನೊಂದು. ಮೊಣಕಾಲು ನೋವಿಗೆ ಅವನು ವಾರಕ್ಕೊಂದು ಸೂಜಿ ಶುರು ಮಾಡಿದ. ಅವಳು ಹಾಸಿಗೆ ಬಿಟ್ಟು ಎದ್ದಳು, ರೊಟ್ಟಿ ಬಡಿದಳು, ಬಾವಿಗೆ ಹೋದಳು. ಮುಖ ತುಂಬಿಕೊಂಡು ಹುಣ್ಣಿಮೆಯ ಚಂದ್ರನಂತಾಯಿತು. “ಮುದುಕಿಗೆ ಹರೇ ಬಂತು” ಎಂದು ಊರವರು ನಕ್ಕರು. ಅವನ ಕೈಗುಣದ ಹೆಸರು ನಾಲ್ಕು ಊರಿಗೆ ಹಬ್ಬಿತು.

ಆ ಕೈಗುಣ ಎಲ್ಲಿಂದ ಬರುತ್ತಿತ್ತೆಂದು ನನಗೆ ಗೊತ್ತಾದದ್ದು ಮಾನ್ವಿಯಲ್ಲಿ. ಪಿಯುಸಿ ಆದ ಮೇಲೆ ಬಂಧುಗಳ ಒಂದು ಔಷಧದ ಅಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದೆ. ದೇವದುರ್ಗದಿಂದ ಹೋದವನಿಗೆ ಮಾನ್ವಿ ಬೇರೆಯೇ ಲೋಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು, ಸಂತೆಯಲ್ಲಿ ಕನ್ನಡದಷ್ಟೇ ತೆಲುಗು. ಕಾಲುವೆ ಹರಿದಲ್ಲಿಗೆ ಡಾಕ್ಟರೂ ಹರಿದು ಬಂದಿದ್ದರು. ಪೇಟೆಯಲ್ಲಿ ಎಂ.ಬಿ.ಬಿ.ಎಸ್. ಬೋರ್ಡುಗಳಿದ್ದವು, ಹೆರಿಗೆಯ ನರ್ಸಿಂಗ್ ಹೋಮ್ ಇತ್ತು. ಕಾಲುವೆಯ ಕೊನೆಯಂಚಿಗೆ ನೀರು ಮುಟ್ಟದ ವರ್ಷ ಅವರ ಬೆಂಚುಗಳೂ ಖಾಲಿ ಹೊಡೆಯುತ್ತಿದ್ದವು. ನಮ್ಮ ದೇವದುರ್ಗಕ್ಕೆ ಮೂಗಿನ ತುದಿಯಲ್ಲಿ ಕೃಷ್ಣೆ ಹರಿಯುತ್ತಿದ್ದರೂ ನಾರಾಯಣಪುರದ ಬಲದಂಡೆ ಕಾಲುವೆ ಬರಲು ಇನ್ನೂ ಬಹಳ ವರ್ಷ ಬೇಕಿತ್ತು. ಬೆಳೆ ಇಲ್ಲದ ಕಡೆ ಯಾವ ಡಾಕ್ಟರು ಬೋರ್ಡು ಹಾಕುತ್ತಾನೆ? ಗುಳೆ ಹೋಗುವ ಊರಿನಲ್ಲಿ ರೋಗಿಯೂ ಸುಗ್ಗಿಯ ಮೇಲೆ ಇರುವುದಿಲ್ಲ.

ಅಂಗಡಿ ತೆಗೆಯುವ ಹೊತ್ತಿಗೇ ಹಳ್ಳಿಗಳ ಆರ್‌ಎಂಪಿಗಳು ಸೈಕಲ್ಲಿನ ಮೇಲೆ ಬರುತ್ತಿದ್ದರು. ಎಲ್ಲರ ಚೀಟಿಯೂ ಒಂದೇ. ಡೆಕ್ಸಾ, ಅವಿಲ್, ನೊವಾಲ್ಜಿನ್, ಬಿ-ಕಾಂಪ್ಲೆಕ್ಸ್, ಜೊತೆಗೆ ಗ್ಲೂಕೋಸ್ ಬಾಟ್ಲಿ. ಡಜನ್ ಲೆಕ್ಕದಲ್ಲಿ ಒಯ್ಯುತ್ತಿದ್ದರು. ಅಂಗಡಿಗೆ ಹರಟೆಗೆ ಬರುತ್ತಿದ್ದ ಪೇಟೆಯ ಒಬ್ಬ ಡಾಕ್ಟರಿಗೆ ನಮ್ಮ ಅಮ್ಮಾಯಿಯ ಮುಖದ ವಿಷಯ ಹೇಳಿದೆ. ಅವರು ನಗಲಿಲ್ಲ. ಕಪಾಟಿನಿಂದ ಡೆಕ್ಸಾದ ಒಂದು ಪುಟ್ಟ ಸೀಸೆ ತೆಗೆದು ಗಲ್ಲಾದ ಮೇಲಿಟ್ಟರು. “ಇದು ಸ್ಟಿರಾಯ್ಡ್. ನೋವು ಮರೆಸ್ತದ, ಹಸಿವು ತರ್ತದ, ಮುಖ ಊದಸ್ತದ. ಒಳಗ ಎಲುಬು ತಿಂತದ, ಸಕ್ಕರಿ ಏರಸ್ತದ. ಒಮ್ಮೆಲೆ ನಿಲ್ಲಿಸಿದ್ರ ಮನಿಶ್ಯಾ ಬಿದ್ದುಬಿಡ್ತಾನ.” ಆ ವರ್ಷವೇ ಅಮ್ಮಾಯಿ ಅಂಗಳದಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಳು, ಮತ್ತೆ ಏಳಲಿಲ್ಲ. ಆರ್‌ಎಂಪಿ ಮಣ್ಣಿಗೆ ಬಂದಿದ್ದ, ಮನೆಯವರಿಗಿಂತ ಹೆಚ್ಚು ಅತ್ತ. ಅವನ ಅಳು ನಾಟಕವಲ್ಲ. ಆ ಸೂಜಿ ಮೈಯೊಳಗೆ ಏನು ಮಾಡುತ್ತದೆಂದು ಅವನಿಗೂ ತಿಳಿದಿರಲಿಲ್ಲ.

ಮಾನ್ವಿಯ ಮಾತು ಬಂತೆಂದು ಒಂದು ಅಡ್ಡಕತೆ. ನಮ್ಮ ಸೀಮೆಯ ಎಲ್ಲರಿಗಿಂತ ಹೆಸರಾದ ರೋಗಿ ಈ ಊರಿನವರೇ, ಜಗನ್ನಾಥದಾಸರು. ಐತಿಹ್ಯದ ಪ್ರಕಾರ, ಪಂಡಿತರಾಗಿದ್ದಾಗ ವಿಜಯದಾಸರ ಕರೆಯನ್ನು ತಿರಸ್ಕರಿಸಿ, ಹೊಟ್ಟೆಶೂಲೆ ಹತ್ತಿ ನರಳಿದರು. ಶರಣು ಹೋದಾಗ ವಿಜಯದಾಸರು ತಾವು ಗುಣಪಡಿಸದೆ ಗೋಪಾಲದಾಸರ ಹತ್ತಿರ ಕಳಿಸಿದರಂತೆ. ಆ ಗೋಪಾಲದಾಸರ ಹುಟ್ಟೂರು ನನ್ನ ಸೊಸೆಯ ಪಟ್ಟಿಯಲ್ಲಿದ್ದ ಮಸರಕಲ್. ಇದನ್ನು ಅವಳಿಗೆ ಹೇಳಿದಾಗ, “ಅಂದ್ರ ನಮ್ಮ ಕಡಿ ಮೊದಲಿಂದಲೂ ರೆಫರ್ ಮಾಡೋದೇ ಏನು ಮಾಮಾ?” ಎಂದಳು.

ಎಂಬತ್ತರ ದಶಕದ ನಡುವಿಗೆ ನಮ್ಮೂರ ಪಕ್ಕದ ದೊಡ್ಡ ಊರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ ಬಂತು, ಅದಕ್ಕೊಬ್ಬ ಡಾಕ್ಟರಮ್ಮ ಬಂದಳು. ಮೈಸೂರು ಕಡೆಯ ಹುಡುಗಿ. ನಮ್ಮ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಅವಳ ‘ಏನಾಗ್ತಿದೆ ಹೇಳಿ’ ಎಂಬ ಮಾತು ನಮ್ಮವರಿಗೆ ಪುಸ್ತಕ ಓದಿದ ಹಾಗೆ ಕೇಳುತ್ತಿತ್ತು. ಅವಳ ದೊಡ್ಡ ಅಪರಾಧವೆಂದರೆ ಸೂಜಿ ಮಾಡುತ್ತಿರಲಿಲ್ಲ. ಭೇದಿ ಹತ್ತಿದ ಕೂಸು ಒಯ್ದರೆ ಒಂದು ಪ್ಯಾಕೆಟ್ ಕೊಟ್ಟು, ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಹಾಕಿ ಚಮಚದಿಂದ ಕುಡಿಸುತ್ತಿರಿ ಎನ್ನುವಳು. “ಉಪ್ಪು-ಸಕ್ರಿ ನೀರು ಕುಡಿಸಾಕ ಗಾಡಿ ಕಟಿಗೊಂಡು ಬರಬೇಕಿತ್ತೇನು?” ಎಂದು ಹೆಣ್ಣುಮಕ್ಕಳು ಅವಳ ಎದುರಿಗೇ ಬಯ್ದು, ವಾಪಸು ಹೋಗುವ ದಾರಿಯಲ್ಲಿ ಆರ್‌ಎಂಪಿಯ ಕೈಯಿಂದ ಸೂಜಿ ಮಾಡಿಸಿಕೊಂಡು ಮನೆ ಸೇರುವರು.

ನಮ್ಮ ಅವ್ವ ಅವಳ ಹತ್ತಿರ ಹೋದದ್ದು ತಂಗಿಗೆ ಕೆಮ್ಮು ಬಂದಾಗ. ಆಕೆ ತಂಗಿಯನ್ನು ನೋಡಿ ಮುಗಿಸಿ, ಅವ್ವನ ಕೆಳಗಿನ ರೆಪ್ಪೆ ಜಗ್ಗಿ ನೋಡಿದಳು, ಉಗುರು ನೋಡಿದಳು. ಆಮೇಲೆ ಅಪ್ಪನನ್ನು, ನನ್ನನ್ನು, ಬಾಗಿಲಲ್ಲಿ ನಿಂತ ಜವಾನನನ್ನು ಹೊರಗೆ ಹೋಗಿ ಎಂದಳು. ಅಪ್ಪನನ್ನು ಹಾಗೆ ಯಾರೂ ಹೊರಗೆ ಕಳಿಸಿದ್ದಿಲ್ಲ. ಅವನು ಕಟ್ಟೆಯ ಮೇಲೆ ಕೂತು ಎಲೆ-ಅಡಿಕೆ ಹಾಕುತ್ತ, “ಇಷ್ಟೊತ್ತು ಏನ್ ಮಾತಾಡ್ತಾರ?” ಎಂದು ಎರಡೆರಡು ಸಲ ಕೇಳಿದ. ಬಾಗಿಲು ತೆರೆದಾಗ ಅವ್ವನ ಕಣ್ಣು ಕೆಂಪಾಗಿದ್ದವು, ಮುಖದಲ್ಲಿ ಒಂದು ಥರದ ಬಿಡುಗಡೆ ಇತ್ತು. ಹತ್ತು-ಹನ್ನೆರಡು ವರ್ಷದಿಂದ ಒಳಗಿಟ್ಟುಕೊಂಡದ್ದನ್ನು ಹೇಳಿದ್ದಳು. ಕಬ್ಬಿಣದ ಗುಳಿಗೆ, ರಾಯಚೂರಿನ ದೊಡ್ಡ ಆಸ್ಪತ್ರೆಯ ಹೆಸರಿಗೊಂದು ಕಾಗದ. ಅಲ್ಲಿ ಗಡ್ಡೆ ಎಂದು ತೆಗೆದರು. ನಮ್ಮ ಅವ್ವ ಅದಾದ ಮೇಲೆ ಮೂವತ್ತು ವರ್ಷ ಬದುಕಿದಳು. ಆ ಡಾಕ್ಟರಮ್ಮನ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ. ‘ಸೂಜಿ ಮಾಡದಾಕಿ’ ಎಂದೇ ಉಳಿದಿದ್ದಾಳೆ.

ಆಕೆ ಒಂದು ವರ್ಷ ತುಂಬುವ ಮುಂಚೆಯೇ ಹೋದಳು. ಹೋಗದೆ ಏನು ಮಾಡುತ್ತಾಳೆ? ಕ್ವಾರ್ಟರ್ಸಿನ ನಲ್ಲಿಯಲ್ಲಿ ನೀರು ಬಂದದ್ದು ಉದ್ಘಾಟನೆಯ ದಿನ ಮಾತ್ರ. ಪಾಯಖಾನೆಗೆ ಬಾಗಿಲಿದ್ದರೂ ಚಿಲಕವಿರಲಿಲ್ಲ. ಸಂಜೆ ಆರರ ಮೇಲೆ ಮಾತಾಡಲು ಒಂದು ಜೀವ ಇರಲಿಲ್ಲ, ಮಾತಾಡಿದರೆ ಊರು ಬೇರೆಯೇ ಮಾತಾಡುತ್ತಿತ್ತು. ಅವಳ ನಂತರ ಬಂದವರು ರಾಯಚೂರಿನಲ್ಲಿ ಮನೆ ಮಾಡಿ, ಹನ್ನೊಂದರ ಬಸ್ಸಿಗೆ ಬಂದು ಎರಡರ ಬಸ್ಸಿಗೆ ಹೋದರು. ಕಾಗದದಲ್ಲಿ ಮೂವತ್ತು ಸಾವಿರ ಜನಕ್ಕೊಂದು ಆರೋಗ್ಯ ಕೇಂದ್ರ, ಕೇಂದ್ರಕ್ಕೊಬ್ಬ ಡಾಕ್ಟರು. ಜನ ಬಸ್ಸಿನ ವೇಳೆಗೆ ಸರಿಯಾಗಿ ಜಡ್ಡಾಗಬೇಕಿತ್ತು.

ದೇಶದ ಆರೋಗ್ಯ ವ್ಯವಸ್ಥೆಯ ಕುರಿತ 1946ರ ಭೋರ್ ಸಮಿತಿಯ ವರದಿಯ ವಿಷಯ ಓದಿದಾಗ ನನಗೆ ದೇವದುರ್ಗದ ಆ ಪಡಸಾಲೆ ನೆನಪಾಯಿತು. ಅಲ್ಲಿಯವರೆಗೆ ಕಡಿಮೆ ಅವಧಿಯ ಕೋರ್ಸು ಓದಿದ ಲೈಸೆನ್ಷಿಯೇಟ್ ಡಾಕ್ಟರುಗಳು ಇದ್ದರು. ಸಣ್ಣ ಪೇಟೆಗಳಲ್ಲಿ ಕೂರುತ್ತಿದ್ದವರು ಬಹಳಷ್ಟು ಅವರೇ. ಸಮಿತಿ ಆ ಕೋರ್ಸನ್ನು ಮುಚ್ಚಿ, ಇನ್ನು ಮುಂದೆ ಒಂದೇ ದರ್ಜೆಯ ಪದವೀಧರ ಡಾಕ್ಟರು ಸಾಕು ಎಂದಿತು. ಕೆಲವು ಸದಸ್ಯರು ಒಪ್ಪದೆ, ಹಳ್ಳಿಗೆ ಯಾರು ಹೋಗುತ್ತಾರೆ ಎಂದು ಭಿನ್ನಮತ ಬರೆದರು. ಹಳ್ಳಿಯವನಿಗೂ ಪೇಟೆಯವನಿಗೂ ಸಮನಾದ ಡಾಕ್ಟರು ಸಿಗಲಿ ಎಂಬ ಆಸೆ ತಪ್ಪೆಂದು ನಾನು ಹೇಳಲಾರೆ. ಆದರೆ ಆ ಸಮನಾದ ಡಾಕ್ಟರು ನಮ್ಮ ಕಡೆ ಬರಲಿಲ್ಲ, ಲೈಸೆನ್ಷಿಯೇಟರು ತೀರಿಹೋದರು, ಅವರ ಜಾಗದಲ್ಲಿ ಚರ್ಮದ ಚೀಲದವರು ಕೂತರು. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಕೊಟ್ಟಾಗ ದೇವದುರ್ಗವೂ ಮಾನ್ವಿಯೂ ಅದರಲ್ಲಿದ್ದವು. ನಮಗೇನೂ ಸುದ್ದಿ ಅನಿಸಲಿಲ್ಲ.

ಈಗ ನಾನಿರುವುದು ರಾಯಚೂರು ನಗರದಲ್ಲಿ. ಇಲ್ಲಿ ಡಾಕ್ಟರಿಗೆ ಬರವಿಲ್ಲ. 2007ರಲ್ಲಿ ರಿಮ್ಸ್ ಬಂತು, ಅದಕ್ಕೂ ಮುಂಚೆ ಖಾಸಗಿ ವೈದ್ಯಕೀಯ ಕಾಲೇಜು ಬಂದಿತ್ತು, ಒಪೆಕ್ ನಿಧಿಯ ಸಾಲದಲ್ಲಿ ಕಟ್ಟಿದ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇದೆ. ನಾವು ಹುಡುಗರಾಗಿದ್ದಾಗ ಡಾಕ್ಟರಾಗಬೇಕೆಂದವನು ಗುಲ್ಬರ್ಗಕ್ಕೋ ಬಳ್ಳಾರಿಗೋ ಹೋಗಬೇಕಿತ್ತು. ನನ್ನ ಸೊಸೆ 371(ಜೆ) ಮೀಸಲಿನಲ್ಲಿ ಸೀಟು ಪಡೆದು, ಮನೆಯ ರೊಟ್ಟಿ ತಿನ್ನುತ್ತ ಓದಿದಳು. ಇದು ಸಣ್ಣ ಮಾತಲ್ಲ. ಆದರೆ ತೀನ್ ಕಂದಿಲಿನಿಂದ ಸ್ಟೇಷನ್ ರಸ್ತೆಯವರೆಗೆ ಬೋರ್ಡುಗಳನ್ನು ಓದುತ್ತ ಹೋಗಿ: ಮೂಳೆಯವರು, ಹೃದಯದವರು, ಸಕ್ಕರೆಯವರು, ಕಿಡ್ನಿಯವರು. ಇಡೀ ಮನುಷ್ಯನನ್ನು ನೋಡುವವರ ಬೋರ್ಡು ಎಲ್ಲಿದೆ? ನನಗೆ ಈಗ ಬಿಪಿಗೆ ಒಬ್ಬರು, ಮೊಣಕಾಲಿಗೆ ಒಬ್ಬರು, ನಿದ್ದೆ ಬಾರದ್ದಕ್ಕೆ ಇನ್ನೊಬ್ಬರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮೂವರ ಚೀಟಿಯನ್ನೂ ಒಟ್ಟಿಗೆ ನೋಡಿ, “ಸರ್, ಇವೆರಡೂ ಒಂದೇ ಗುಳಿಗಿ” ಎಂದು ಹೇಳಿದವನು ಔಷಧದ ಅಂಗಡಿಯ ಹುಡುಗ. ಹೆಚ್ಚು ಕೆಟ್ಟರೆ ಹೈದರಾಬಾದಿನ ರೈಲು ಇದ್ದೇ ಇದೆ.

ನಗರದಲ್ಲಿ ಏಮ್ಸ್ ಹೋರಾಟದ ಪೆಂಡಾಲಿದೆ. 2022ರ ಮೇ 13ರಂದು ಶುರುವಾದದ್ದು, ಸಾವಿರ ದಿನ ದಾಟಿತು. ಐಐಟಿ ನಮಗೆ ಬರುತ್ತದೆಂದು ಕಾದು ಅದು ಧಾರವಾಡಕ್ಕೆ ಹೋದ ಉರಿ ಇನ್ನೂ ಆರಿಲ್ಲ. ಆಗಾಗ ನಾನೂ ಹೋಗಿ ಕೂತು ಬಂದಿದ್ದೇನೆ, ಏಮ್ಸ್ ಬರಲೇಬೇಕು ಎನ್ನುವವನೇ. ಒಂದು ದಿನ ಪಕ್ಕದಲ್ಲಿ ಕೂತಿದ್ದ ದೇವದುರ್ಗ ಕಡೆಯ ರೈತನಿಗೆ ಕೆಮ್ಮು. ಯಾರಿಗೆ ತೋರಿಸಿದ್ರಿ ಎಂದೆ. “ಅಲ್ಲೇ ನಮ್ಮೂರಾಗ ಡಾಕ್ಟ್ರು ಅದಾರಲ್ರಿ, ಸೂಜಿ ಮಾಡ್ಯಾರ” ಎಂದ. ಯಾವ ಡಾಕ್ಟರೆಂದು ನಾನು ಕೇಳಲಿಲ್ಲ.

ಸೊಸೆಗೆ ಕೊನೆಗೆ ಒಂದು ಊರಿನ ಹೆಸರು ಹೇಳಿ ಉತ್ತರ ಬರೆದೆ: ಮನೆ ಸಿಗುತ್ತದೆ, ನೀರಿನ ಟ್ಯಾಂಕು ಮತ್ತು ಬಾಗಿಲ ಚಿಲಕ ನೋಡಿ ಒಪ್ಪಿಕೋ. ನಾನು ಹೇಳಿದ ಊರನ್ನೇ ಆರಿಸಿಕೊಂಡಳು. ವೈದ್ಯ ಪದವೀಧರರು ಗ್ರಾಮೀಣ ಸೇವೆ ಮಾಡಲೇಬೇಕೆಂಬ ಕಾಯ್ದೆಯನ್ನು 2012ರಲ್ಲಿ ತಂದಾಗ ಅದನ್ನು ಶಿಕ್ಷೆ ಎಂದವರೇ ಹೆಚ್ಚು. ಶಿಕ್ಷೆಯ ಮೇಲೆ ಬಂದವಳು ಸ್ನಾತಕೋತ್ತರ ಪರೀಕ್ಷೆಯ ಪುಸ್ತಕಗಳ ಗಂಟು ಕಟ್ಟಿಕೊಂಡೇ ಬರುತ್ತಾಳೆ, ಇವಳೂ ಹಾಗೇ ಹೋದಳು. ಆದರೆ ನಮ್ಮ ‘ಸೂಜಿ ಮಾಡದಾಕಿ’ಗೆ ಇರದಿದ್ದ ಆಸರೆ ಇವಳಿಗಿದೆ. ಪ್ರತಿ ಊರಿನಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ. ಯಾರ ಸೊಸೆ ಎಷ್ಟು ತಿಂಗಳ ಬಸುರಿ, ಯಾರ ಮಾವ ಟಿಬಿ ಗುಳಿಗೆ ಬಿಟ್ಟ ಎಂಬುದು ಅವರಿಗೆ ಬಾಯಿಪಾಠ. ಮುದಿ ಡಾಕ್ಟರ ತಲೆಯಲ್ಲಿದ್ದ ಲೆಕ್ಕ ಈಗ ಆ ಹೆಣ್ಣುಮಕ್ಕಳ ತಲೆಯಲ್ಲಿದೆ. ಉಪಕೇಂದ್ರದಲ್ಲಿ ನರ್ಸಿಂಗ್ ಓದಿದ ಆರೋಗ್ಯ ಅಧಿಕಾರಿ ಕೂತು ಬಿಪಿ, ಸಕ್ಕರೆ ನೋಡುತ್ತಾಳೆ, ಬೇಕಾದರೆ ಇ-ಸಂಜೀವಿನಿಯಲ್ಲಿ ದೂರದ ಡಾಕ್ಟರನ್ನು ಪರದೆಯ ಮೇಲೆ ಕರೆಯುತ್ತಾಳೆ. 2008ರಿಂದ 108 ಆಂಬುಲೆನ್ಸ್ ಇದೆ. ಕೇರಿಯವರು ಈಗ ಕುರ್ಚಿಯಲ್ಲೇ ಕೂರುತ್ತಾರೆ. ಒಬ್ಬ ಗೌಡ ಅದನ್ನು ನೋಡಿ ನಿಂತೇ ಬಿಪಿ ನೋಡಿಸಿಕೊಂಡು ಹೋದನಂತೆ. “ನಿಂತು ನೋಡಿದ್ರ ರೀಡಿಂಗ್ ಬ್ಯಾರೆ ಬರ್ತದ ಅಂತ ಹೇಳಿದೆ ಮಾಮಾ, ಕೇಳಲಿಲ್ಲ.”

ಸೂಜಿಯ ಬೇಡಿಕೆ ಮಾತ್ರ ಇದ್ದಲ್ಲೇ ಇದೆ. ಆರೋಗ್ಯ ಕೇಂದ್ರದ ಎದುರಿಗೇ ಒಂದು ಕ್ಲಿನಿಕ್. ನಡೆಸುವವನು ಆರ್‌ಎಂಪಿಯ ಮಗ. ಯಾವ ಆರ್‌ಎಂಪಿ ಎಂದು ಕೇಳಿದೆ. ಚರ್ಮದ ಚೀಲದವನದೇ ಸಂತಾನ. ಬೈಕಿದೆ, ಒಮ್ಮೆ ಬಳಸಿ ಎಸೆಯುವ ಸಿರಿಂಜಿದೆ, ಔಷಧ ಹಳೆಯದೇ. ಇವಳಿಗೆ ಅವನ ಮೇಲೆ ಕೆಂಡದಂಥ ಸಿಟ್ಟು, ಇವಳ ಅವ್ವನಿಗೆ ಅವನಪ್ಪ ಜೀವ ಉಳಿಸಿಕೊಟ್ಟ ಋಣ. ತಾಯಿ-ಮಗಳು ಫೋನಿನಲ್ಲಿ ಇದೇ ವಿಷಯಕ್ಕೆ ಜಗಳಾಡುತ್ತಾರೆ, ನನ್ನನ್ನು ಪಂಚನನ್ನಾಗಿ ಕರೆಯುತ್ತಾರೆ. ನಾನು ಮಗಳ ಕಡೆ. ಆದರೆ ರಾತ್ರಿ ಹನ್ನೆರಡಕ್ಕೆ ಎದೆನೋವು ಬಂದ ಮನುಷ್ಯನ ಹೆಂಡತಿಗೆ ಈ ತೀರ್ಪು ಹೇಳಲು ನನ್ನನ್ನು ಕಳಿಸಬೇಡಿ.

ಹೋದ ತಿಂಗಳು ಅಧಿಕಾರಿಗಳು ಜೀಪಿನಲ್ಲಿ ಬಂದು ಆ ಕ್ಲಿನಿಕ್ಕಿಗೆ ಬೀಗ ಹಾಕಿ ಸೀಲ್ ಒತ್ತಿ, ನಕಲಿ ವೈದ್ಯನೆಂದು ನೋಟಿಸ್ ಅಂಟಿಸಿದರು. ಕಾಯ್ದೆ ಸರಿಯಿದೆ, ಆಗಲೇಬೇಕಾದ ಕೆಲಸ. ಗುಂಪು ಕೂಡಿತು. ಒಬ್ಬ ಮುದುಕಿ ಮುಂದೆ ಬಂದು, “ಸೀಲ್ ಹಾಕ್ರಿ ಯಪ್ಪಾ, ಬ್ಯಾಡ ಅನ್ನಂಗಿಲ್ಲ. ಆದ್ರ ರಾತ್ರಿ ಯಾರ ಮನಿ ಬಾಗಲಾ ಬಡೀಬೇಕು ಅನ್ನೋದ್ನೂ ಇದರ ಕೆಳಗ ಬರದು ಹಚ್ಚಿ ಹೋಗ್ರಿ” ಎಂದಳಂತೆ. ಅಧಿಕಾರಿ ನಕ್ಕು ಜೀಪು ಹತ್ತಿದ. ಮರುದಿನ ಬೆಳಿಗ್ಗೆ ನೋಡಿದರೆ ಯಾರೋ ನೋಟಿಸಿನ ಕೆಳಗೆ ಗೋಡೆಯ ಮೇಲೆ ಇದ್ದಿಲಿನಿಂದ ಸೊಸೆಯ ಮೊಬೈಲ್ ನಂಬರ್ ಬರೆದಿದ್ದಾರೆ, ಅಷ್ಟು ದೊಡ್ಡ ಅಕ್ಷರದಲ್ಲಿ. ಅಂದಿನಿಂದ ಹುಡುಗಿಗೆ ಒಂದು ರಾತ್ರಿಯೂ ನೆಟ್ಟಗೆ ನಿದ್ದೆಯಿಲ್ಲ, ಪುಸ್ತಕ ತೆರೆಯಲಾಗಿಲ್ಲ. ಊರು ಆರಿಸಿಕೊಟ್ಟವನು ನಾನೆಂದು ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.